ಹನ್ನೊಂದು ಜನರ ಪಟ್ಟಿ ಬಿಡಿ, ಆ ಹಾಕಿ ಏಟಿನಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ '18ನೇ ಶತಮಾನದ ಇಂಗ್ಲಿಷ್ ಸಜ್ಜನರು: ಶಾಲೆಯಿಂದ ಸಂಸತ್ತಿಗೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ 'ಸ್ವೀಕರಿಸಲಾಗಿಲ್ಲ' ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಈ ವಿಷಯ ಮುಟ್ಟುವವರು ತೀರಾ ಕಡಿಮೆ. ನಮ್ಮ ಮೇಲೆ ದಂಡೆತ್ತಿ ಬಂದವರು ಹುಡುಗರಾಗಿದ್ದಾಗ ಎಲ್ಲಿ ಕೂತು ಏನು ಓದಿದರು ಎಂದು ತಿಳಿಯುವ ಆಸೆ ನಿಮಗಿದೆ. ಆ ಆಸೆ ತುಂಬ ಬೆಲೆಯುಳ್ಳದ್ದು. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಲೇಖನದಲ್ಲಿ ಹನ್ನೊಂದು ಜನರಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಹುಟ್ಟಿದ ವರ್ಷ, ಶಾಲೆ, ಕಾಲೇಜು, ಸಂಸತ್ತು, ಪದವಿ, ಸಾವು. ಮೂರನೆಯವರ ಹೊತ್ತಿಗೆ ನನಗೆ ಹೆಸರುಗಳು ಕಲಸಿಹೋದವು. 'ಅವರು ತಮ್ಮ ಶಿಕ್ಷಣವನ್ನು ಈಟನ್‌ನಲ್ಲಿ ಪಡೆದುಕೊಂಡರು ಮತ್ತು ನಂತರ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು' ಎಂಬ ವಾಕ್ಯ (ಈಟನ್ ಅಂದರೆ ದೊಡ್ಡ ಮನೆಯ ಹುಡುಗರು ಓದುತ್ತಿದ್ದ ಇಂಗ್ಲೆಂಡಿನ ಶಾಲೆ) ಸ್ವಲ್ಪ ಸ್ವಲ್ಪ ಬದಲಾಗಿ ಮತ್ತೆ ಮತ್ತೆ ಬರುತ್ತದೆ. ನೀವು ಮನೆಯಲ್ಲಿ ಹೀಗೆ ಮಾತಾಡ್ತೀರಾ? 'ಈಟನ್‌ನಲ್ಲಿ ಓದಿದರು' ಅಂದರೆ ಸಾಕಲ್ವಾ? ಇನ್ನು ಆ 'ಪ್ರವೇಶಿಸಿದರು' ಎಂಬ ಮಾತಿದೆಯಲ್ಲ, ನಿಮ್ಮ ಲೇಖನದ ನಿಜವಾದ ಕಥೆಯೆಲ್ಲ ಅದರ ಕೆಳಗೆ ಹೂತುಹೋಗಿದೆ. ಬಾಗಿಲು ಯಾರು ತೆಗೆದರು? ದುಡ್ಡು ಯಾರದು? ಓದುಗರು ಕೇಳುವುದು ಇದನ್ನೇ.

ನಿಮ್ಮ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ಲಾರ್ಡ್ ಕಾರ್ನ್‌ವಾಲಿಸ್ ಬಗ್ಗೆ ಬರೆಯುತ್ತಾ, ಕಂಸದೊಳಗೆ, 'ಶಾಲೆಯಲ್ಲಿ ಹಾಕಿ ಆಡುವಾಗ ಕಣ್ಣಿಗೆ ಏಟು ಬಿದ್ದಿತ್ತು' ಎಂದು ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಏಟು ಕೊಟ್ಟವನು ಯಾರು ಗೊತ್ತಾ? ಶೂಟ್ ಬ್ಯಾರಿಂಗ್ಟನ್ ಎಂಬ ಹುಡುಗ. ಮುಂದೆ ಬಿಷಪ್ ಆದವನು. ಕಾರ್ನ್‌ವಾಲಿಸನ ಒಂದು ಕಣ್ಣು ಸಾಯುವವರೆಗೂ ಸ್ವಲ್ಪ ಓರೆಯಾಗಿಯೇ ಉಳಿಯಿತು. ಈಗ ವರ್ಷ ನೋಡಿ. 1791ರ ಮಾರ್ಚ್‌ನಲ್ಲಿ, ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್ ಟಿಪ್ಪುವಿನಿಂದ ಬೆಂಗಳೂರಿನ ಕೋಟೆ ಹಿಡಿದ. ಅದೇ 1791ರಲ್ಲಿ ಬ್ಯಾರಿಂಗ್ಟನ್ ಡರ್ಹಮ್‌ನ ಬಿಷಪ್ ಆದ. ಅದು ಇಂಗ್ಲೆಂಡಿನಲ್ಲೇ ಅತಿ ಶ್ರೀಮಂತವಾದ ಬಿಷಪ್ ಪೀಠಗಳಲ್ಲಿ ಒಂದು. ಈಟನ್‌ನ ಮೈದಾನದಲ್ಲಿ ಒಂದೇ ಆಟದಲ್ಲಿದ್ದ ಇಬ್ಬರು ಹುಡುಗರು ಇವರು. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಬ್ಯಾರಿಂಗ್ಟನ್ ಮನೆಯನ್ನು ಬಿಡಬೇಡಿ, ಅದೊಂದು ನಿಧಿ. ಹಿರಿಯವನು ವಿಲಿಯಂ. ಅಪ್ಪನ ವೈಕೌಂಟ್ ಬಿರುದು ಅವನಿಗೆ ಬಂತು. ಸಂಸತ್ತಿಗೆ ಹೋದ, ವರ್ಷಗಟ್ಟಲೆ ಯುದ್ಧ ಖಾತೆ ನೋಡಿಕೊಂಡ. ಜಾನ್ ಸೈನ್ಯಕ್ಕೆ ಸೇರಿದ, 1759ರಲ್ಲಿ ಫ್ರೆಂಚರಿಂದ ಗ್ವಾಡಲೂಪ್ ದ್ವೀಪ ಗೆದ್ದ ಪಡೆಯ ಮುಖಂಡನಾದ. ಡೇನ್ಸ್ ವಕೀಲನಾಗಿ, ಆಮೇಲೆ ವೇಲ್ಸ್‌ನಲ್ಲಿ ನ್ಯಾಯಾಧೀಶನಾದ. (ಮುಂದೆ ದೊಡ್ಡ ಸಂಗೀತಗಾರನಾದ ಮೊಜಾರ್ಟ್ ಬಾಲಕನಾಗಿ ಲಂಡನ್ನಿಗೆ ಬಂದಿದ್ದಾಗ ಅವನನ್ನು ಪರೀಕ್ಷೆ ಮಾಡಿ, ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ವರದಿ ಕೊಟ್ಟವನೂ ಇವನೇ.) ಸ್ಯಾಮ್ಯುಯೆಲ್ 11ನೇ ವಯಸ್ಸಿಗೇ ನೌಕಾಪಡೆಯ ಹಡಗು ಹತ್ತಿದ, ಅಡ್ಮಿರಲ್ ಆದ. ಕೊನೆಯವನು ನಮ್ಮ ಶೂಟ್, ಚರ್ಚಿಗೆ ಹೋದ. ಒಂದೇ ಮನೆಯ ಐವರು ಅಣ್ಣತಮ್ಮಂದಿರು ಐದು ದಾರಿ ಹಿಡಿದರು. ನಿಮ್ಮ ಹನ್ನೊಂದು ಜನ ಸೇರಿ ಹೇಳಲಾಗದ್ದನ್ನು ಈ ಮನೆ ಒಂದೇ ಹೇಳುತ್ತದೆ.

ಯಾಕೆ ಐದು ದಾರಿ? ನಮ್ಮ ಕಡೆ ಅಪ್ಪ ಸತ್ತರೆ ಜಮೀನು ಹಿಸ್ಸೆಯಾಗುತ್ತದೆ. ಅಣ್ಣನಿಗೊಂದು ಪಾಲು, ತಮ್ಮನಿಗೊಂದು ಪಾಲು. ಅಲ್ಲಿ ಜಮೀನು, ಮನೆ, ಬಿರುದು ಎಲ್ಲವೂ ಹಿರಿಮಗನಿಗೆ. ಉಳಿದವರು ಹೊರಗೆ ಹೋಗಿ ಬದುಕು ನೋಡಿಕೊಳ್ಳಬೇಕು. ಆದರೆ ಅಂಗಡಿ ಇಡುವಂತಿಲ್ಲ, ನೇಗಿಲು ಹಿಡಿಯುವಂತಿಲ್ಲ, ಮರ್ಯಾದೆ ಹೋಗುತ್ತದೆ. ಸೈನ್ಯ, ನೌಕಾಪಡೆ, ಕಾನೂನು, ಚರ್ಚು ಮರ್ಯಾದೆಯ ದಾರಿಗಳು. ಅದೂ ಬಿಟ್ಟಿ ಅಲ್ಲ. ಸೈನ್ಯದಲ್ಲಿ ಹುದ್ದೆಗೆ ದುಡ್ಡು ಕಟ್ಟಬೇಕು. 1766ರ ದರಪಟ್ಟಿಯಂತೆ ಸಾಮಾನ್ಯ ಕಾಲಾಳು ರೆಜಿಮೆಂಟಿನಲ್ಲಿ ಎನ್‌ಸೈನ್ ಎಂಬ ಅತಿ ಕೆಳಗಿನ ಅಧಿಕಾರಿ ಹುದ್ದೆಗೆ 400 ಪೌಂಡ್, ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ 3,500 ಪೌಂಡ್. ಹುದ್ದೆ ಕೊಳ್ಳುವ ಈ ಪದ್ಧತಿ ನಿಂತದ್ದು 1871ರಲ್ಲಿ. ಎಷ್ಟೋ ಊರುಗಳಲ್ಲಿ ಚರ್ಚಿಗೆ ಪಾದ್ರಿಯನ್ನು ಆರಿಸುವ ಹಕ್ಕು ಜಮೀನ್ದಾರನ ಕೈಯಲ್ಲಿರುತ್ತಿತ್ತು. ಆ ಹಕ್ಕನ್ನು ಹೊಲ ಮಾರಿದ ಹಾಗೆ ಮಾರಬಹುದಿತ್ತು, ಕೊಳ್ಳಬಹುದಿತ್ತು. ಆ ಮನೆಗಳ ಹೆಣ್ಣುಮಕ್ಕಳಿಗೆ ಈ ಯಾವ ದಾರಿಯೂ ಇರಲಿಲ್ಲ. ನಿಮ್ಮ ಲೇಖನದಲ್ಲಿ ಅವರ ಸುಳಿವೇ ಇಲ್ಲ, ಒಂದು ಪ್ಯಾರಾವಾದರೂ ಕೊಡಿ.

ಈಗ ನಿಮ್ಮ ಶೀರ್ಷಿಕೆಗೆ ಬರೋಣ. 'ಸಜ್ಜನ' ಎಂಬ ಮಾತು ನಿಮ್ಮನ್ನು ದಾರಿ ತಪ್ಪಿಸಿದೆ. ಸಜ್ಜನ ಅಂದರೆ ಒಳ್ಳೆಯ ಮನುಷ್ಯ. ಬಡವನೂ ಸಜ್ಜನ ಆಗಬಹುದು. ಆ ಕಾಲದ 'ಜಂಟಲ್‌ಮನ್' ಮೊದಲಿಗೆ ಒಂದು ಅಂತಸ್ತಿನ ಹೆಸರು. ಜಮೀನಿನ ಗೇಣಿಯಲ್ಲಿ ಬದುಕುವವನು. ನಮ್ಮ ಗಾದೆಯಲ್ಲೇ ಹೇಳುವುದಾದರೆ, ಕೈ ಕೆಸರಾಗದೆ ಬಾಯಿಗೆ ಮೊಸರು ಬೀಳುತ್ತಿದ್ದವನು. ನೀವು 'ಸಜ್ಜನ' ಅಂದುಬಿಟ್ಟಿದ್ದರಿಂದ ಲೇಖನ ಪೂರ್ತಿ ಅವರ ಗುಣಗಾನವಾಗಿಬಿಟ್ಟಿದೆ. ಸುಮ್ನೆ 'ಜಂಟಲ್‌ಮನ್' ಎಂದೇ ಬರೆಯಿರಿ, ಅದು ಏನೆಂದು ಒಮ್ಮೆ ಬಿಡಿಸಿ ಹೇಳಿ.

'ಸಾರ್ವಜನಿಕ ಶಾಲೆ' ಅನುವಾದವೂ ಹೀಗೇ ಆಗಿದೆ. ಅದನ್ನು ಓದಿದರೆ ಸರ್ಕಾರಿ ಶಾಲೆ ಅನ್ನಿಸುತ್ತದೆ. ನಮ್ಮ ಊರಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದು ಬೋರ್ಡ್ ಹಾಕಿದ ಕಡೆ ಎಷ್ಟು ಫೀಸು ಎಂದು ನಿಮಗೆ ಗೊತ್ತಲ್ಲ, ಆ ಹೆಸರಿನ ಬೇರು ಇಲ್ಲೇ ಇದೆ. ಯಾವ ಊರಿನ ಹುಡುಗರಿಗೂ ತೆರೆದ ಶಾಲೆ ಎಂಬ ಅರ್ಥದಲ್ಲಿ ಅದು ಪಬ್ಲಿಕ್, ಅಷ್ಟೇ. ಈಟನ್ ಅನ್ನು ಆರನೇ ಹೆನ್ರಿ 1440ರಲ್ಲಿ ಕಟ್ಟಿಸಿದ್ದು 70 ಬಡ ಹುಡುಗರಿಗೆ ಪುಕ್ಕಟೆ ಓದು ಸಿಗಲಿ ಎಂದು. 18ನೇ ಶತಮಾನಕ್ಕೆ ಬರುವಾಗ ಅಲ್ಲಿ ತುಂಬಿದ್ದವರು ಊರಿನೊಳಗೆ ಬಾಡಿಗೆ ಮನೆಯಲ್ಲಿದ್ದು ದುಡ್ಡು ಕೊಟ್ಟು ಓದುವ ದೊಡ್ಡ ಮನೆಯ ಮಕ್ಕಳು. ಪಾಠ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್. ತಪ್ಪಿದರೆ ಬರ್ಲಿನ ಏಟು.

'ಈ ಶಾಲೆಗಳು ಶಿಸ್ತು ಕಲಿಸಿದವು' ಎಂದು ನೀವು ಬರೆದಿರುವುದು ಒಪ್ಪುವ ಮಾತಲ್ಲ. 1768ರಲ್ಲಿ ಈಟನ್‌ನ ದೊಡ್ಡ ತರಗತಿಯ ಹುಡುಗರು ದಂಗೆಯೆದ್ದು ಶಾಲೆ ಬಿಟ್ಟು ಮೇಡನ್‌ಹೆಡ್ ಎಂಬ ಊರಿಗೆ ನಡೆದುಹೋದರು. 1797ರಲ್ಲಿ ರಗ್ಬಿ ಶಾಲೆಯಲ್ಲಿ ಹುಡುಗರು ಹೆಡ್‌ಮಾಸ್ಟರ್ ಕೋಣೆಯ ಬಾಗಿಲಿಗೆ ಮದ್ದಿಟ್ಟು ಹಾರಿಸಿದರು, ಡೆಸ್ಕು ಪುಸ್ತಕ ಸುಟ್ಟರು, ಸೈನಿಕರು ಬಂದರು. ಹ್ಯಾರೋ ಶಾಲೆಯಲ್ಲಿ 1771ರ ಗಲಾಟೆಯಲ್ಲಿ ಸೇರಿದ್ದಕ್ಕೆ ಹೊರಹಾಕಿಸಿಕೊಂಡವನು ರಿಚರ್ಡ್ ವೆಲ್ಲೆಸ್ಲಿ. ಅಲ್ಲಿಂದ ಈಟನ್‌ಗೆ ಬಂದ. ಅವನು ಗವರ್ನರ್ ಜನರಲ್ ಆಗಿದ್ದಾಗಲೇ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದು. ಮಂಡ್ಯ, ಮೈಸೂರಿನ ಓದುಗರಿಗೆ ಈ ಹುಡುಗನನ್ನು ಒಂದು ಸಾಲಿನಲ್ಲಾದರೂ ತೋರಿಸಿ. ಆದರೆ 'ಇಂಗ್ಲಿಷ್' ಎನ್ನುವ ಮೊದಲು ನಿಲ್ಲಿ. ವೆಲ್ಲೆಸ್ಲಿ ಅಣ್ಣತಮ್ಮಂದಿರು ಐರ್ಲೆಂಡಿನಲ್ಲಿ ಹುಟ್ಟಿದವರು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ತಮ್ಮ ಆರ್ಥರ್ ಹೇಳಿದ್ದೆಂದು ನೀವು ಕೊಟ್ಟಿರುವ 'ವಾಟರ್ಲೂ ಯುದ್ಧ ಗೆದ್ದದ್ದು ಈಟನ್‌ನ ಆಟದ ಮೈದಾನದಲ್ಲಿ' ಎಂಬ ಮಾತನ್ನು ತೆಗೆದುಬಿಡಿ. ಅವನು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಈಟನ್‌ನಲ್ಲಿ ಅವನು ಮಿಂಚಿದವನೂ ಅಲ್ಲ.

ಇನ್ನೊಂದು ದೊಡ್ಡ ತಪ್ಪು. ಕಿರಿಯ ವಿಲಿಯಂ ಪಿಟ್‌ನನ್ನು ಈಟನ್ ವಿದ್ಯಾರ್ಥಿ ಎಂದಿದ್ದೀರಿ. ಈಟನ್‌ನಲ್ಲಿ ಓದಿದವನು ಅವನಪ್ಪ, ಹಿರಿಯ ಪಿಟ್. ಅಲ್ಲಿ ಹುಡುಗರು ಬದುಕಿಡೀ ಅಂಜುವ ಹಾಗೆ ಆಗಿಬಿಡುತ್ತಾರೆ ಎಂಬುದು ಅವನ ಅನುಭವ. ಅದಕ್ಕೇ ಮಗನಿಗೆ ಮನೆಯಲ್ಲೇ ಪಾಠ ಹೇಳಿಸಿದ. ಮಗ 14ನೇ ವಯಸ್ಸಿಗೆ ಕೇಂಬ್ರಿಡ್ಜ್ ಸೇರಿದ, ದೊಡ್ಡ ಮನೆಯ ಮಕ್ಕಳಿಗಿದ್ದ ರಿಯಾಯಿತಿಯಲ್ಲಿ ಪರೀಕ್ಷೆ ಇಲ್ಲದೆ ಎಂ.ಎ. ಪಡೆದ. ಅವನು ಜಾಣನೇ, ಅದರಲ್ಲಿ ಅನುಮಾನವಿಲ್ಲ. ಆದರೆ 1780ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕ್ಷೇತ್ರಕ್ಕೆ ನಿಂತು ಎಲ್ಲರಿಗಿಂತ ಕೊನೆಗೆ ಬಂದ. ಮರುವರ್ಷ ಸರ್ ಜೇಮ್ಸ್ ಲೌದರ್ ಎಂಬ ಭಾರಿ ಜಮೀನ್ದಾರ ತನ್ನ ಹಿಡಿತದಲ್ಲಿದ್ದ ಆ್ಯಪಲ್‌ಬಿ ಕ್ಷೇತ್ರ ಕೊಟ್ಟ. 1783ರ ಡಿಸೆಂಬರ್‌ನಲ್ಲಿ 24ನೇ ವಯಸ್ಸಿಗೆ ಪ್ರಧಾನಿ. ನೀವು ಬರೆದಿರುವ 'ಜನರ ಮನ ಗೆದ್ದು ಸಂಸತ್ತಿಗೆ ಬಂದರು' ಎಂಬುದು ಈ ಕಥೆಗೆ ಹೊಂದುತ್ತದಾ?

ಅಪ್ಪನ ಕ್ಷೇತ್ರ ಇನ್ನೂ ವಿಚಿತ್ರ. 1735ರಲ್ಲಿ ಹಿರಿಯ ಪಿಟ್ 'ಗೆದ್ದ' ಓಲ್ಡ್ ಸಾರಮ್‌ನಲ್ಲಿ ಊರೇ ಇರಲಿಲ್ಲ. ಹುಲ್ಲು ಬೆಳೆದ ಗುಡ್ಡ. ಬೆರಳೆಣಿಕೆಯ ಮತದಾರರು, ಇಬ್ಬರು ಸಂಸದರು. ಆ ಜಾಗವನ್ನು ಕೊಂಡಿಟ್ಟವನು ಹಿರಿಯ ಪಿಟ್‌ನ ತಾತ ಥಾಮಸ್ ಪಿಟ್. ಇಂಡಿಯಾ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಆಮೇಲೆ ಮದ್ರಾಸಿನ ಗವರ್ನರ್ ಆದವನು, ಕೃಷ್ಣಾ ತೀರದ ದೊಡ್ಡ ವಜ್ರವನ್ನು 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದವನು. ಓಲ್ಡ್ ಸಾರಮ್ ಕ್ಷೇತ್ರ ರದ್ದಾಗಿದ್ದು 1832ರಲ್ಲಿ. ಇದರ ಜೊತೆ ಎರಡು ನಿಯಮ ಸೇರಿಸಿ. ಇಂಥ ಪಟ್ಟಣ ಕ್ಷೇತ್ರಗಳ ಸಂಸದನಿಗೆ ವರ್ಷಕ್ಕೆ 300 ಪೌಂಡ್ ಜಮೀನಿನ ಆದಾಯ ಇರಬೇಕಿತ್ತು. ಸಂಸದರಿಗೆ ಸಂಬಳ ಶುರುವಾಗಿದ್ದು 1911ರಲ್ಲಿ. ಕಾರ್ನ್‌ವಾಲಿಸ್‌ಗೂ 21 ತುಂಬಿದ ಕೂಡಲೇ, 1760ರಲ್ಲಿ, ಮನೆತನದ ಹಿಡಿತದಲ್ಲಿದ್ದ ಐ ಎಂಬ ಪಟ್ಟಣದಿಂದ ಸ್ಥಾನ ಸಿಕ್ಕಿತು. ಶಾಲೆ ಅವರನ್ನು ಸಂಸತ್ತಿಗೆ ಕಳಿಸಲಿಲ್ಲ. ಮನೆತನ ಕಳಿಸಿತು. ಶಾಲೆ ಕೊಟ್ಟದ್ದು ಲ್ಯಾಟಿನ್, ಮತ್ತು ಮುಂದೆ ಬೇಕಾಗುವ ಗೆಳೆಯರನ್ನು.

ಆಕ್ಸ್‌ಫರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ಅಲ್ಲಿ ಕಳೆದ 14 ತಿಂಗಳನ್ನು ತನ್ನ ಬದುಕಿನಲ್ಲೇ ಅತ್ಯಂತ ದಂಡದ ಕಾಲ ಎಂದು ಬರೆದುಕೊಂಡ. ಅವನೂ ಸಂಸತ್ತಿನಲ್ಲಿ ಕೂತ, ಒಂದು ದಿನವೂ ಬಾಯಿ ಬಿಡಲಿಲ್ಲ. ನಿಮ್ಮ ಹೊಗಳಿಕೆಯ ಪಕ್ಕದಲ್ಲಿ ಇದನ್ನೂ ಇಟ್ಟು ತೂಗಿ.

ಮನೆತನದ ಆಸರೆ ಇಲ್ಲದವನ ಪಾಡೇನು ಎಂಬ ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ. ಉತ್ತರ ನಿಮ್ಮ ಪಟ್ಟಿಯ ಒಂಬತ್ತನೆಯವನು, ವಾರನ್ ಹೇಸ್ಟಿಂಗ್ಸ್. ನೀವು ಅವನಿಗೆ ಆರು ಸಾಲು ಕೊಟ್ಟಿದ್ದೀರಿ. ನಾನಾಗಿದ್ದರೆ ಅರ್ಧ ಲೇಖನ ಕೊಡುತ್ತಿದ್ದೆ. 1732ರಲ್ಲಿ ಹುಟ್ಟಿದ. ಹೆತ್ತ ಕೆಲವೇ ದಿನಕ್ಕೆ ತಾಯಿ ಸತ್ತಳು. ಪಾದ್ರಿಯಾಗಿದ್ದ ಅಪ್ಪ ಮಗುವನ್ನು ಬಿಟ್ಟು ಹೋದ. ಡೇಲ್ಸ್‌ಫರ್ಡ್ ಎಂಬ ಪೂರ್ವಿಕರ ಜಮೀನು ಆಗಲೇ ಕೈಬಿಟ್ಟಿತ್ತು. ಊರಿನ ಧರ್ಮಾರ್ಥ ಶಾಲೆಯಲ್ಲಿ ರೈತರ ಮಕ್ಕಳ ಜೊತೆ ಅಕ್ಷರ ಕಲಿತ. ಚಿಕ್ಕಪ್ಪ ಲಂಡನ್ನಿಗೆ ಕರೆದೊಯ್ದು ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿಸಿದ. ಅಲ್ಲಿ 1747ರಲ್ಲಿ ಕಿಂಗ್ಸ್ ಸ್ಕಾಲರ್ ಎಂಬ ವಿದ್ಯಾರ್ಥಿವೇತನದ ಆಯ್ಕೆಯಲ್ಲಿ ಮೊದಲನೆಯವನಾದ. ಅಷ್ಟರಲ್ಲಿ ಚಿಕ್ಕಪ್ಪನೂ ತೀರಿಕೊಂಡ. ಹೊಣೆ ಬಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಪ್ರಭಾವವಿದ್ದ ದೂರದ ಸಂಬಂಧಿಕನೊಬ್ಬನ ಮೇಲೆ. ಹೆಡ್‌ಮಾಸ್ಟರ್ ನಿಕೋಲ್ಸ್ ತಾನೇ ಖರ್ಚು ಹಾಕಿ ಓದಿಸುತ್ತೇನೆ ಎಂದರೂ ಆತ ಒಪ್ಪಲಿಲ್ಲ. ಹುಡುಗನನ್ನು ಶಾಲೆ ಬಿಡಿಸಿ, ಲೆಕ್ಕಪತ್ರ ಕಲಿಸಿ, ಕಂಪನಿಯ ಗುಮಾಸ್ತನನ್ನಾಗಿ ಹಡಗು ಹತ್ತಿಸಿದ. 1750ರಲ್ಲಿ ಅವನು ಕಲ್ಕತ್ತೆಯಲ್ಲಿ ಇಳಿದಾಗ ವಯಸ್ಸು 17.

ಶಾಲೆಯ ಗೆಳೆತನ ಏನು ಮಾಡುತ್ತದೆ ಎಂಬುದೂ ಇವನ ಕಥೆಯಲ್ಲೇ ಇದೆ. ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆದಾಗ, 1774ರಲ್ಲಿ, ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಮುಖ್ಯ ನ್ಯಾಯಾಧೀಶನಾಗಿ ಬಂದವನು ಎಲೈಜಾ ಇಂಪಿ, ವೆಸ್ಟ್‌ಮಿನ್‌ಸ್ಟರ್‌ನ ಜೊತೆಗಾರ. ಮರುವರ್ಷ ನಂದಕುಮಾರ್ ಎಂಬ ಬಂಗಾಳದ ದೊಡ್ಡ ಮನುಷ್ಯ ಹೇಸ್ಟಿಂಗ್ಸ್ ಮೇಲೆ ಲಂಚದ ಆರೋಪ ಹೊರಿಸಿದ. ಸ್ವಲ್ಪ ದಿನದಲ್ಲೇ ಅವನ ಮೇಲೆ ನಕಲಿ ದಾಖಲೆಯ ಕೇಸು ಬಿತ್ತು, ಇಂಪಿಯ ಕೋರ್ಟಿನಲ್ಲಿ ವಿಚಾರಣೆಯಾಯಿತು, 1775ರ ಆಗಸ್ಟ್‌ನಲ್ಲಿ ಗಲ್ಲಿಗೇರಿಸಿದರು. ಇಬ್ಬರು ಗೆಳೆಯರು ಕೂಡಿ ಮಾಡಿದ್ದೇ ಅಲ್ಲವೇ ಎಂದು ಇವತ್ತಿಗೂ ವಾದ ನಡೆಯುತ್ತದೆ. ನೀವು ತೀರ್ಪು ಕೊಡಬೇಕಿಲ್ಲ. ಇಬ್ಬರೂ ಒಂದೇ ಶಾಲೆಯವರು ಎಂಬುದನ್ನು ಹೇಳದೆ ಮಾತ್ರ ಬಿಡಬೇಡಿ.

ಏಳು ವರ್ಷದ ಹುಡುಗನಾಗಿದ್ದಾಗ ಹಳ್ಳದ ದಂಡೆಯಲ್ಲಿ ಮಲಗಿ, ಡೇಲ್ಸ್‌ಫರ್ಡ್ ಅನ್ನು ಮತ್ತೆ ತನ್ನದಾಗಿಸಿಕೊಳ್ಳುತ್ತೇನೆ ಎಂದು ಅಂದುಕೊಂಡಿದ್ದೆ ಎಂದು ಹೇಸ್ಟಿಂಗ್ಸ್ ಮುಪ್ಪಿನಲ್ಲಿ ಹೇಳುತ್ತಿದ್ದ. 1788ರಲ್ಲಿ ಕೊಂಡೂ ಕೊಂಡ. ಅದೇ ವರ್ಷ ಸಂಸತ್ತಿನಲ್ಲಿ ಅವನ ಮಹಾಭಿಯೋಗದ ವಿಚಾರಣೆ ಶುರುವಾಯಿತು. ಅದು ಮುಗಿದು ಖುಲಾಸೆಯಾಗಿದ್ದು 1795ರಲ್ಲಿ. ಬಂಗಾಳದಲ್ಲಿ ಅಷ್ಟು ವರ್ಷ ಆಳಿದವನಿಗೂ ಕೊನೆಗೆ ಬೇಕಾಗಿದ್ದು ಆ ಹಳ್ಳಿಯ ಜಮೀನು. 'ಜಂಟಲ್‌ಮನ್' ಅಂದರೆ ಏನೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿ ಹನ್ನೊಂದರಲ್ಲಿ ಎಂಟು ಜನರನ್ನು ಬಿಡಿ. ಕಾರ್ನ್‌ವಾಲಿಸ್, ಪಿಟ್, ಹೇಸ್ಟಿಂಗ್ಸ್ ಇರಲಿ. ಬ್ಯಾರಿಂಗ್ಟನ್ ಮನೆ ಹೊಸದಾಗಿ ಬರಲಿ. ಹುಟ್ಟಿದ ದಿನ, ಸತ್ತ ದಿನಗಳನ್ನು ಅಗತ್ಯವಿದ್ದಲ್ಲಿ ಮಾತ್ರ ಹೇಳಿ. ಎರಡು ಸಾವಿರ ಪದದೊಳಗೆ ಮುಗಿಸಿ. ಬರೆದ ಮೇಲೆ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಫೋನ್ ಕೈಗೆತ್ತಿಕೊಳ್ಳುತ್ತಾರೋ ಆ ಸಾಲಿಗೆ ಒಂದು ಗೆರೆ ಹಾಕಿಕೊಳ್ಳಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಬಂದ ವಾರದಲ್ಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ