ಅಮೆರಿಕದ ವಸಾಹತು ಕಾಲದಲ್ಲಿ ಕಾಲೇಜು ಕಟ್ಟಲು ಚಂದಾ ಹೇಗೆ ಎತ್ತುತ್ತಿದ್ದರು?

ಇಷ್ಟು ಕೊಡುತ್ತೇನೆ ಎಂದು ಮೊದಲು ಬರೆಸಿಕೊಳ್ಳುತ್ತಿದ್ದರು, ದುಡ್ಡು ಆಮೇಲೆ. ಫಿಲಡೆಲ್ಫಿಯಾವನ್ನೇ ನೋಡಿ. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅಲ್ಲೊಂದು ಅಕಾಡೆಮಿ, ಅಂದರೆ ಯುವಕರ ಶಾಲೆ, ತೆರೆಯುವ ತಮ್ಮ ಯೋಜನೆಯನ್ನು ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿ ಊರಿನ ಪ್ರಮುಖರಿಗೆ ಪುಕ್ಕಟೆ ಹಂಚಿದರು, ಅವರೆಲ್ಲ ಅದನ್ನು ಓದಿ ಸ್ವಲ್ಪ ಯೋಚಿಸುವಷ್ಟು ಸಮಯ ಬಿಟ್ಟು, ಆಮೇಲೆ ಚಂದಾ ಪಟ್ಟಿ ಹಿಡಿದು ಹೊರಟರು. ಹೇಳಿದ ಮೊತ್ತವನ್ನು 5 ವರ್ಷ ಕಂತಿನಲ್ಲಿ ಕಟ್ಟಬಹುದಿತ್ತು. ಕಂತು ಅಂದರೆ ಜನ ಧೈರ್ಯವಾಗಿ ಜಾಸ್ತಿ ಬರೆಯುತ್ತಾರೆ ಅಲ್ವಾ? ಹಾಗೇ ಆಯಿತು. ಫ್ರಾಂಕ್ಲಿನ್ ನೆನಪಿಸಿಕೊಳ್ಳುವಂತೆ ಕೂಡಿದ್ದು 5,000 ಪೌಂಡಿಗೆ ಕಡಿಮೆಯಿಲ್ಲ. ಈ ಯೋಜನೆ ತಮ್ಮೊಬ್ಬರದ್ದಲ್ಲ, ಊರಿನ ಹಿತ ಬಯಸುವ ಕೆಲವರದ್ದು ಎಂದೇ ಅವರು ಮುಂದಿಟ್ಟರು. ನನಗೆ ತುಂಬಾ ಹಿಡಿಸಿದ್ದು ಇದೇ. ಚಂದಾ ಕೊಟ್ಟವರು ತಮ್ಮೊಳಗಿನಿಂದಲೇ 24 ಟ್ರಸ್ಟಿಗಳನ್ನು ಆರಿಸಿದರು. 1751ರಲ್ಲಿ ಅಕಾಡೆಮಿ ಶುರುವಾಯಿತು, 1755ರಲ್ಲಿ ಅದಕ್ಕೆ ಕಾಲೇಜಿನ ಸನ್ನದು, ಅಂದರೆ ಅಧಿಕೃತ ಮಾನ್ಯತೆಯ ಪತ್ರ, ಸಿಕ್ಕಿತು. ಇಂದಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದಲೇ.