ಮೂರು ಸೆನ್‌ನ ನೀರು, ಎದುರುಬದುರು ಬಂದರುಗಳು

ಹೋದ ಸಂಚಿಕೆಯಲ್ಲಿ ಮಲಕ್ಕಾ ಜಲಸಂಧಿಯ ಹಡಗುಗಳ ಬಗ್ಗೆ ಒಂದು ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಸಿಂಗಪುರ ಮತ್ತು ಮಲೇಷ್ಯಾದ ಜಗಳದ ಬಗ್ಗೆಯೇ. ಸಿಂಗಪುರದ ಒಂದು ಹಡಗು ಏಜೆನ್ಸಿಯಲ್ಲಿ ವರ್ಷಗಟ್ಟಲೆ ಕಾಗದಪತ್ರ ನೋಡಿಕೊಂಡವನು ನಾನು. ಈ ವಿಷಯ ಎತ್ತಿದರೆ ಬಾಯಿ ಸುಮ್ನಿರಲ್ಲ. ಹಾಗಾಗಿ ಈ ಸಲ ಪೂರ್ತಿ ಇದೇ.

ಪ್ರಶ್ನೆ: ಮಲೇಷ್ಯಾ 1965ರಲ್ಲಿ ಸಿಂಗಪುರವನ್ನು ಹೊರಗೆ ಹಾಕಿತು, ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ ಟಿ.ವಿ.ಯಲ್ಲಿ ಅತ್ತರು ಅಂತ ಓದಿದ್ದೇನೆ. ಇಷ್ಟು ವರ್ಷವಾದರೂ ಮುನಿಸು ಹೋಗಿಲ್ಲ ಯಾಕೆ ಸಾರ್? ಅಣ್ಣತಮ್ಮಂದಿರು ಪಾಲಾದ ಮೇಲೆ ಬಾವಿಗೆ ಕಿತ್ತಾಡುವ ಹಾಗಾ ಇದು?
(ಎಂ.ಎ. ವಿದ್ಯಾರ್ಥಿನಿ)

ಅತ್ತಿದ್ದು ನಿಜ. ಹೊರಗೆ ಹಾಕಿದರು ಅನ್ನೋದು ಅರ್ಧ ಮಾತ್ರ ನಿಜ. 1965ರ ಜುಲೈನಲ್ಲಿ ಸಿಂಗಪುರದ ಹಣಕಾಸು ಮಂತ್ರಿ ಗೋ ಕೆಂಗ್ ಸ್ವೀ, ಮಲೇಷ್ಯಾದ ಉಪಪ್ರಧಾನಿ ಅಬ್ದುಲ್ ರಜಾಕ್ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದರು. ಗೋ ಅವರಿಗೆ ಬೇರೆಯಾಗುವುದೇ ಬೇಕಿತ್ತು. ಆಗಸ್ಟ್ 7ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. 9ಕ್ಕೆ ಕ್ವಾಲಾಲಂಪುರದ ಸಂಸತ್ತಿನಲ್ಲಿ ಪರವಾಗಿ 126 ಮತ, ವಿರುದ್ಧ ಸೊನ್ನೆ.

ನಿಮ್ಮ ಅಣ್ಣತಮ್ಮಂದಿರ ಹೋಲಿಕೆಯನ್ನು ತುಂಬಾ ಜನ ಕೊಡುತ್ತಾರೆ. ನನಗದು ಅಷ್ಟು ಸರಿ ಕಾಣಲ್ಲ. ಇವರು ಒಂದೇ ದೇಶವಾಗಿದ್ದದ್ದು 1963ರ ಸೆಪ್ಟೆಂಬರ್ 16ರಿಂದ, ಅಂದರೆ ಎರಡು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ದುಡ್ಡಿನ ತಕರಾರು ಶುರುವಾಗಿತ್ತು. ಸಿಂಗಪುರ ಸೇರಿದ್ದೇ ಇಡೀ ಮಲೇಷ್ಯಾ ಒಂದೇ ಮಾರುಕಟ್ಟೆ ಆಗುತ್ತೆ, ತನ್ನ ಕಾರ್ಖಾನೆಗಳ ಸರಕು ಸುಂಕವಿಲ್ಲದೆ ಹೋಗುತ್ತೆ ಅನ್ನುವ ಲೆಕ್ಕದ ಮೇಲೆ. ಬದಲಿಗೆ ಅದು ತನ್ನಲ್ಲಿ ವಸೂಲಾಗುವ ಕೇಂದ್ರದ ತೆರಿಗೆಗಳಲ್ಲಿ ನೂರಕ್ಕೆ 40 ಪಾಲು ಕೊಡಬೇಕು, ಬೋರ್ನಿಯೋ ದ್ವೀಪದ ರಾಜ್ಯಗಳಾದ ಸಬಾ ಮತ್ತು ಸರವಾಕ್‌ಗೆ 15 ಕೋಟಿ ಡಾಲರ್ ಸಾಲ ಕೊಡಬೇಕು. ಆ ಮಾರುಕಟ್ಟೆ ಬರಲೇ ಇಲ್ಲ. ಪಾಲು ಮಾತ್ರ ಇನ್ನೂ ಜಾಸ್ತಿ ಕೊಡಿ ಅಂತ ಕೇಂದ್ರ ಕೇಳಿತು. ಇದರ ಮೇಲೆ 1964ರಲ್ಲಿ ಎರಡು ಸಲ ಮಲಯರು ಮತ್ತು ಚೀನೀಯರ ನಡುವೆ ಗಲಭೆಯಾಗಿ ಜನ ಸತ್ತರು. ಮಲಯರಿಗೆ ಸಂವಿಧಾನ ಕೊಟ್ಟ ವಿಶೇಷ ಸ್ಥಾನ ಮುಟ್ಟಬೇಡಿ ಅಂತ ಕ್ವಾಲಾಲಂಪುರದವರು, ದೇಶ ಎಲ್ಲರದ್ದೂ ಅಂತ ಸಿಂಗಪುರದವರು. ಪ್ರಧಾನಿ ಟುಂಕು ಅಬ್ದುಲ್ ರಹಮಾನ್ ಅವರಿಗೆ ಸಾಕಾಗಿಹೋಯಿತು.

ಆದರೆ ಇವತ್ತಿಗೂ ಉಳಿದಿರುವ ಕಿರಿಕಿರಿಗೆ ಆ ಕಣ್ಣೀರು ಕಾರಣ ಅಲ್ಲ. ಕಾರಣ ಕರಾರುಪತ್ರಗಳು. ಬ್ರಿಟಿಷರ ಕಾಲದಿಂದ ಒಟ್ಟಿಗೇ ಇದ್ದ ನೀರಿನ ಪೈಪು, ರೈಲು, ನೋಟು, ವಿಮಾನ ಕಂಪನಿ, ಇವನ್ನೆಲ್ಲ ಎರಡು ಸರ್ಕಾರಗಳು ಒಂದೊಂದಾಗಿ ಕತ್ತರಿಸಬೇಕಾಗಿ ಬಂತು. ಕತ್ತರಿ ಬಿದ್ದ ಕಡೆಯೆಲ್ಲ ಜಗಳ.

ನೀರನ್ನೇ ನೋಡಿ. ಸಿಂಗಪುರಕ್ಕೂ ಮಲೇಷ್ಯಾದ ಜೋಹೋರ್ ರಾಜ್ಯಕ್ಕೂ ನಡುವೆ ಒಂದು ಕಿಲೋಮೀಟರ್ ಚಿಲ್ಲರೆ ಉದ್ದದ ಏರಿ ಇದೆ, ಕಾಸ್‌ವೇ ಅಂತಾರೆ. ರಸ್ತೆ, ರೈಲು, ದಪ್ಪ ನೀರಿನ ಪೈಪು, ಮೂರೂ ಅದರ ಮೇಲೇ. 1942ರಲ್ಲಿ ಜಪಾನೀಯರಿಗೆ ಹೆದರಿ ಹಿಂದೆ ಸರಿದ ಬ್ರಿಟಿಷರು ಅದನ್ನು ಸಿಡಿಸಿದಾಗ ಪೈಪೂ ಹೋಗಿತ್ತು. ಆ ಭಯ ಸಿಂಗಪುರಕ್ಕೆ ಮೈಗೆ ಹತ್ತಿದೆ. ಬೇರೆಯಾದ ಹೊಸದರಲ್ಲೇ ಟುಂಕು, ಸಿಂಗಪುರ ನಮಗೆ ಅಡ್ಡ ಬಂದರೆ ನೀರು ನಿಲ್ಲಿಸುತ್ತೇವೆ ಅಂತ ಒತ್ತಡ ಹಾಕಬಹುದು ಎಂದು ಬ್ರಿಟಿಷ್ ಹೈಕಮಿಷನರ್ ಹತ್ತಿರ ಹೇಳಿದ್ದರು. ಅದನ್ನು ಸಿಂಗಪುರ ಮರೆತಿಲ್ಲ.

1962ರ ಒಪ್ಪಂದದ ಪ್ರಕಾರ ಸಿಂಗಪುರ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ತೆಗೆದುಕೊಳ್ಳಬಹುದು. ಬೆಲೆ ಸಾವಿರ ಗ್ಯಾಲನ್‌ಗೆ 3 ಸೆನ್ (ನೂರು ಸೆನ್ ಸೇರಿದರೆ ಮಲೇಷ್ಯಾದ ಒಂದು ರಿಂಗಿಟ್). ಒಪ್ಪಂದ 2061ರವರೆಗೆ ಇದೆ. ಲೆಕ್ಕ ಹಾಕಿ ನೋಡಿ. ಪೂರ್ತಿ 25 ಕೋಟಿ ಗ್ಯಾಲನ್ ಎತ್ತಿದರೂ ಜೋಹೋರ್‌ಗೆ ದಿನಕ್ಕೆ ಸಿಗುವುದು 7,500 ರಿಂಗಿಟ್! ಒಂದು ದೇಶದ ಅರ್ಧ ಬಾಯಾರಿಕೆಗೆ ಇಷ್ಟೇನಾ ಅಂತ ಮಲೇಷ್ಯಾದ ಪ್ರಧಾನಿಯಾಗಿದ್ದ ಮಹಾತಿರ್ ವರ್ಷಗಟ್ಟಲೆ ಕೂಗಾಡಿದ್ದು ಇದಕ್ಕೇ.

ಈಗ ಆ ಕಡೆಯ ಲೆಕ್ಕ ನೋಡಿ. ಶುದ್ಧ ಮಾಡಿದ ನೀರನ್ನು ಜೋಹೋರ್ ಸಾವಿರ ಗ್ಯಾಲನ್‌ಗೆ 50 ಸೆನ್‌ನಂತೆ ವಾಪಸ್ ಕೊಳ್ಳುತ್ತದೆ. ಶುದ್ಧ ಮಾಡಲು ನಮಗೆ 2 ರಿಂಗಿಟ್ 40 ಸೆನ್ ಬೀಳುತ್ತೆ ಅನ್ನುತ್ತದೆ ಸಿಂಗಪುರ. ಒಪ್ಪಂದದ ಪ್ರಕಾರ ಜೋಹೋರ್‌ಗೆ ಸಿಗಬೇಕಾದದ್ದು ದಿನಕ್ಕೆ 50 ಲಕ್ಷ ಗ್ಯಾಲನ್. ಸಿಂಗಪುರ ಕೊಡುತ್ತಾ ಬಂದಿರುವುದು ಸುಮಾರು 1 ಕೋಟಿ 60 ಲಕ್ಷ. ಅದಕ್ಕೆ ಜೋಹೋರ್ ಕೊಡುವುದು 8,000 ರಿಂಗಿಟ್. ಅಂದರೆ ಎರಡೂ ಕಡೆ ಚಿಲ್ಲರೆ ದುಡ್ಡು. ಬೆಲೆ ಏರಿಸಲು ಒಪ್ಪಂದದಲ್ಲೇ ಜಾಗವಿತ್ತು, 25 ವರ್ಷ ಕಳೆದ ಮೇಲೆ ಪರಿಶೀಲಿಸಬಹುದು ಅಂತ. ಆ ಹೊತ್ತಿಗೆ ಮಲೇಷ್ಯಾ ಕೇಳಲಿಲ್ಲ. ಹಾಗಾದರೆ ನಿಮ್ಮ ಹಕ್ಕು ಮುಗಿಯಿತು ಅಂತ ಸಿಂಗಪುರ. ಇಲ್ಲ, ಯಾವಾಗ ಬೇಕಾದರೂ ಕೇಳಬಹುದು ಅಂತ ಮಲೇಷ್ಯಾ.

ನನ್ನ ಅಭಿಪ್ರಾಯ ಕೇಳಿದರೆ, ಕಾನೂನು ಸಿಂಗಪುರದ ಕಡೆ ಇದೆ, ಹೊಟ್ಟೆಯುರಿ ಜೋಹೋರ್‌ನ ಕಡೆ ನ್ಯಾಯವಾಗಿಯೇ ಇದೆ. ಸಿಂಗಪುರವೂ ಬೆಲೆಗಾಗಿ ಹಟ ಮಾಡುತ್ತಿಲ್ಲ. ಈ ನೀರಿನ ಒಪ್ಪಂದಗಳಿಗೆ 1965ರ ಪ್ರತ್ಯೇಕತೆಯ ಒಪ್ಪಂದದಲ್ಲೇ ಖಾತ್ರಿ ಕೊಟ್ಟಿದ್ದಾರೆ. ಒಬ್ಬರೇ ಕೂತು ನೀರಿನ ಬೆಲೆ ಬದಲಾಯಿಸಬಹುದು ಅಂತಾದರೆ ಆ ಪ್ರತ್ಯೇಕತೆಯ ಒಪ್ಪಂದವನ್ನೂ ಬದಲಾಯಿಸಬಹುದಲ್ವಾ? ಅದು ಅವರ ಭಯ. ಅದಕ್ಕೇ ಕೊಳಚೆ ನೀರನ್ನು ಶುದ್ಧ ಮಾಡಿ 'ನ್ಯೂವಾಟರ್' ಮಾಡಿದರು, 2005ರಿಂದ ಸಮುದ್ರದ ನೀರಿನ ಉಪ್ಪು ತೆಗೆಯುತ್ತಿದ್ದಾರೆ. ಎರಡೂ 3 ಸೆನ್ನಿಗಿಂತ ಎಷ್ಟೋ ಪಟ್ಟು ದುಬಾರಿ.

ಪ್ರಶ್ನೆ: ಒಂದು ಕಾಲದಲ್ಲಿ ಎರಡು ದೇಶಕ್ಕೂ ಒಂದೇ ನೋಟು ಇತ್ತಂತೆ, ಹೌದಾ?
(ಬ್ಯಾಂಕ್ ಉದ್ಯೋಗಿ)

ಹೌದು. 1967ರವರೆಗೆ ಒಂದೇ. ಆಮೇಲೆ ನೋಟು ಬೇರೆ ಬೇರೆ ಅಚ್ಚಾದರೂ ಒಂದಕ್ಕೊಂದು ಸಮಕ್ಕೆ ಸಮ ನಡೆಯುತ್ತಿತ್ತು. 1973ರ ಮೇನಲ್ಲಿ ಮಲೇಷ್ಯಾ ಅದನ್ನು ಮುರಿಯಿತು. ಸಿಂಗಪುರ ಮತ್ತು ಬ್ರೂನೈ ನಡುವೆ ಆ ಪದ್ಧತಿ ಇವತ್ತಿಗೂ ಇದೆ. ಬ್ರೂನೈ ಡಾಲರ್ ಕೊಟ್ಟರೆ ಸಿಂಗಪುರದ ಅಂಗಡಿಯವನು ಸುಮ್ನೆ ತಗೊಳ್ತಾನೆ. ರಿಂಗಿಟ್? ಒಂದು ಸಿಂಗಪುರ ಡಾಲರ್‌ಗೆ ಈಗ ಮೂರು ರಿಂಗಿಟ್‌ಗಿಂತ ಜಾಸ್ತಿ. ಮಲೇಷ್ಯಾದ ಹಿರಿಯರಿಗೆ ಇದಕ್ಕಿಂತ ಚುಚ್ಚುವ ಅಂಕಿ ಇನ್ನೊಂದಿಲ್ಲ.

ವಿಮಾನ ಕಂಪನಿಯೂ ಒಂದೇ ಇತ್ತು, 1972ರಲ್ಲಿ ಒಡೆಯಿತು. ಸಿಂಗಪುರಕ್ಕೆ ಹೊರದೇಶದ ಹಾರಾಟ ಬೇಕಿತ್ತು, ಮಲೇಷ್ಯಾಕ್ಕೆ ಒಳಗಿನ ಊರುಗಳ ಸಂಪರ್ಕ. ರೈಲಿನ ಕಥೆ ಇನ್ನೂ ಮಜವಾಗಿದೆ. ಸಿಂಗಪುರದ ನಟ್ಟನಡುವಿನ ತಂಜೊಂಗ್ ಪಗಾರ್ ನಿಲ್ದಾಣ ಮತ್ತು ಹಳಿಯ ಜಾಗ ಮಲೇಷ್ಯಾ ರೈಲ್ವೆಯ ಕೈಲಿತ್ತು. 1998ರಲ್ಲಿ ಸಿಂಗಪುರ ತನ್ನ ಪಾಸ್‌ಪೋರ್ಟ್ ತಪಾಸಣೆಯನ್ನು ಗಡಿಯ ವುಡ್‌ಲ್ಯಾಂಡ್ಸ್‌ಗೆ ಸಾಗಿಸಿತು, ಮಲೇಷ್ಯಾದವರು ತಂಜೊಂಗ್ ಪಗಾರ್‌ನಿಂದ ಏಳಲಿಲ್ಲ. ಹಾಗಾಗಿ ನಾವು ಮೊದಲು ಮಲೇಷ್ಯಾದೊಳಗೆ 'ಬಂದು', ರೈಲು ಹತ್ತಿ, ಆಮೇಲೆ ಸಿಂಗಪುರದಿಂದ 'ಹೊರಡು'ತ್ತಿದ್ದೆವು! 2010ರಲ್ಲಿ ಜಾಗ ಬದಲಿ ಮಾಡಿಕೊಂಡು ಇತ್ಯರ್ಥವಾಯಿತು. 2011ರ ಜೂನ್ 30ರ ರಾತ್ರಿ ಕೊನೆಯ ರೈಲನ್ನು ನಡೆಸಿದ್ದು ಜೋಹೋರ್‌ನ ಸುಲ್ತಾನರೇ. ಅವರೇ 2024ರಿಂದ ಮಲೇಷ್ಯಾದ ರಾಜರು.

ಪ್ರಶ್ನೆ: ಸಿಂಗಪುರದ ಬಂದರು ಜಗತ್ತಿಗೇ ದೊಡ್ಡದು ಅಂತಾರೆ. ಅದರ ಜೊತೆ ಮಲೇಷ್ಯಾದ ಪೈಪೋಟಿ ಬರೀ ಜಂಬ ಅಲ್ವಾ?
(ಲಾರಿ ಸಾಗಣೆ ವ್ಯಾಪಾರಿ)

ಅಲ್ಲ. ನನ್ನ ಪ್ರಕಾರ ಇಬ್ಬರ ನಿಜವಾದ ಜಗಳ ಇಲ್ಲೇ ಇರುವುದು. ನೀರು ಮರ್ಯಾದೆಯ ವಿಷಯ, ಬಂದರು ಊಟದ ವಿಷಯ.

ಮೊದಲಿಗೆ, ಕಂಟೇನರ್ ಬಂದರುಗಳಲ್ಲಿ ಶಾಂಘೈ ಮೊದಲನೆಯದು, ಸಿಂಗಪುರ ಎರಡನೆಯದು. ಸಿಂಗಪುರದಲ್ಲಿ ಇಳಿಯುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸಿಂಗಪುರಕ್ಕೆ ಬಂದವಲ್ಲ. ದೊಡ್ಡ ಹಡಗಿಂದ ಇಳಿದು, ಅಂಗಳದಲ್ಲಿ ಒಂದೆರಡು ದಿನ ಕಾದು, ಇನ್ನೊಂದು ಹಡಗು ಹತ್ತಿ ಹೋಗುತ್ತವೆ. ಈ ವ್ಯಾಪಾರದಲ್ಲಿ ಗಿರಾಕಿಗೆ ನಿಷ್ಠೆ ಇಲ್ಲ. ಪಕ್ಕದ ಬಂದರು ದರ ಕಮ್ಮಿ ಮಾಡಿದರೆ ಹಡಗು ಚುಕ್ಕಾಣಿ ತಿರುಗಿಸುತ್ತದೆ, ಅಷ್ಟೇ.

ಆ ಪಕ್ಕದ ಬಂದರನ್ನು ಮಲೇಷ್ಯಾ ಕಟ್ಟಿಯೇಬಿಟ್ಟಿತು. ಜೋಹೋರ್‌ನ ತಂಜುಂಗ್ ಪೆಲೆಪಾಸ್. ಸಿಂಗಪುರದ ಪಶ್ಚಿಮ ತುದಿ ತುವಾಸ್‌ನಲ್ಲಿ ನಿಂತರೆ ನೀರಿನಾಚೆ ಅದರ ಕ್ರೇನುಗಳು ಕಾಣುತ್ತವೆ. 2000ದಲ್ಲಿ ಮೆರ್ಸ್ಕ್ ಹಡಗು ಕಂಪನಿ ಅಲ್ಲಿ ನೂರಕ್ಕೆ 30 ಪಾಲು ತೆಗೆದುಕೊಂಡು ತನ್ನ ಹಡಗುಗಳನ್ನು ಅಲ್ಲಿಗೆ ತಿರುಗಿಸಿತು. ಆಗ ಮೆರ್ಸ್ಕೇ ಸಿಂಗಪುರ ಬಂದರಿನ ಅತಿ ದೊಡ್ಡ ಗಿರಾಕಿ. 2002ರಲ್ಲಿ ಎವರ್‌ಗ್ರೀನ್ ಹಡಗು ಕಂಪನಿ ಕೂಡ ಹೋಯಿತು. 2000ದಲ್ಲಿ ಸುಮಾರು 1.7 ಕೋಟಿ ಇದ್ದ ಸಿಂಗಪುರದ ಪೆಟ್ಟಿಗೆ ಲೆಕ್ಕ (20 ಅಡಿಯ ಪೆಟ್ಟಿಗೆ ಒಂದು ಅಂತ) ಮರುವರ್ಷ 1.55 ಕೋಟಿಯ ಹತ್ತಿರಕ್ಕೆ ಬಿತ್ತು. ಆ ವರ್ಷ ಜಗತ್ತಿನ ವ್ಯಾಪಾರವೇ ಮಂಕಾಗಿತ್ತು, ಪೂರ್ತಿ ಮೆರ್ಸ್ಕ್ ತಲೆಗೆ ಕಟ್ಟಬಾರದು. ಆದರೂ ಹಡಗಿನ ಕೆಲಸದವರ ಬಾಯಲ್ಲಿ ಮುಂದೆ ಎಷ್ಟೋ ವರ್ಷ ಇದೇ ಮಾತು.

ದರ ಒಂದೇ ಕಾರಣ ಅಲ್ಲ. ಮೆರ್ಸ್ಕ್‌ಗೆ ಸ್ವಂತ ಟರ್ಮಿನಲ್ ಬೇಕಿತ್ತು. ಸಿಂಗಪುರದ ಬಂದರು ಸಂಸ್ಥೆ ಆಗ ಒಡೆತನ ಹಂಚಿಕೊಳ್ಳಲು ತಯಾರಿರಲಿಲ್ಲ. ಏಟು ಬಿದ್ದ ಮೇಲೆ ಬುದ್ಧಿ ಬಂತು, ಹಡಗು ಕಂಪನಿಗಳ ಜೊತೆ ಪಾಲುದಾರಿಕೆಗೆ ಇಳಿದರು.

ನನ್ನ ಮೇಜಿನಿಂದ ಇದು ಹೇಗೆ ಕಾಣುತ್ತಿತ್ತು ಹೇಳುತ್ತೇನೆ. ಪೆಲೆಪಾಸ್‌ಗೆ ಬಂದ ಹಡಗಿನ ಒಂದು ಬಿಡಿಭಾಗ ಸಿಂಗಪುರದ ಗೋದಾಮಿನಲ್ಲಿದೆ ಅನ್ನಿ. ದೋಣಿಯಲ್ಲಾದರೆ ಕೂಗಳತೆ ದೂರ. ಆದರೆ ವ್ಯಾನು 1998ರಲ್ಲಿ ಆದ ಎರಡನೇ ಸೇತುವೆ ಸುತ್ತಿ ಹೋಗಬೇಕು. ಈ ಕಡೆ ರಫ್ತಿನ ಕಾಗದ, ಆ ಕಡೆ ಆಮದಿನ ಕಾಗದ. ಒಂದು ಅಂಕಿ ಹೆಚ್ಚುಕಮ್ಮಿಯಾದರೆ ವ್ಯಾನು ಅಲ್ಲೇ, ಹಡಗು ಹೊರಟೇಹೋಗುತ್ತೆ, ಕ್ಯಾಪ್ಟನ್ನಿನ ಬೈಗುಳ ನನಗೆ. ಸಿಂಗಪುರ ದುಬಾರಿಯಾದರೂ ಹಡಗುಗಳು ಬಿಟ್ಟುಹೋಗದೆ ಇರುವುದಕ್ಕೆ ಇದೇ ಕಾರಣ. ಎಣ್ಣೆ, ಬಿಡಿಭಾಗ, ರಿಪೇರಿ, ವಿಮೆ, ವಕೀಲ, ಎಲ್ಲ ಒಂದೇ ಊರಲ್ಲಿ. ಹಡಗಿಗೆ ಎಣ್ಣೆ ತುಂಬುವುದರಲ್ಲಿ ಇವತ್ತಿಗೂ ಅದೇ ಜಗತ್ತಿಗೆ ಮೊದಲು.

2024ರಲ್ಲಿ ಸಿಂಗಪುರ 4.1 ಕೋಟಿ ಪೆಟ್ಟಿಗೆ ದಾಟಿಸಿತು. ಕ್ಲಾಂಗ್ ಬಂದರು 1.4 ಕೋಟಿಗೂ ಮೇಲೆ, ಪೆಲೆಪಾಸ್ 1.2 ಕೋಟಿ. ಮಲೇಷ್ಯಾದ ಎರಡೂ ಸೇರಿದರೆ ಸಿಂಗಪುರದ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಬರಲಿಲ್ಲವೇ? ಜಂಬ ಅಂತೀರಾ? 2025ರಲ್ಲಿ ಮೆರ್ಸ್ಕ್ ಮತ್ತು ಹಪಾಗ್ ಲಾಯ್ಡ್ ಕೈಜೋಡಿಸಿದಾಗ ತಮ್ಮ ಮುಖ್ಯ ಕೇಂದ್ರಗಳಲ್ಲಿ ಒಂದಾಗಿ ಆರಿಸಿದ್ದೂ ಪೆಲೆಪಾಸನ್ನೇ.

ಪ್ರಶ್ನೆ: ಮಗನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆ ಕೇಳಿ ತಲೆ ತಿರುಗಿತು. ಆಚೆ ಜೋಹೋರ್ ಬಾರುವಿನಲ್ಲಿ ಮನೆ ಮಾಡಿ ದಿನಾ ಓಡಾಡಬಹುದಾ? ಅಲ್ಲಿನವರಿಗೆ ಸಿಂಗಪುರದವರನ್ನು ಕಂಡರೆ ಆಗಲ್ಲವಂತೆ?
(ಗೃಹಿಣಿ)

ಅಮ್ಮಾ, ಅದು ಆಗಲ್ಲ. ನಿಮ್ಮ ಮಗನ ಪರವಾನಗಿ ಸಿಂಗಪುರದ್ದು. ಮಲೇಷ್ಯಾದಲ್ಲಿ ವಾಸ ಮಾಡಲು ಆ ದೇಶದ ಪರವಾನಗಿ ಬೇರೆಯೇ ಬೇಕು. ಪ್ರವಾಸಿಯಾಗಿ ಹೋಗಿ ಬರುವುದು ಬೇರೆ, ಬಾಡಿಗೆಗೆ ಇರುವುದು ಬೇರೆ. ದಿನಾ ಓಡಾಡುವವರಲ್ಲಿ ಹೆಚ್ಚಿನವರು ಮಲೇಷ್ಯಾದ ಪ್ರಜೆಗಳು.

ಅವರ ಪಾಡೂ ಸುಖದ್ದಲ್ಲ. ನನ್ನ ಪಕ್ಕದ ಮೇಜಿನಲ್ಲಿ ಜೋಹೋರ್‌ನ ಒಬ್ಬರು ಹೆಂಗಸು ಇದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಡುತ್ತಿದ್ದರು. ಬಸ್ಸಿನಿಂದ ಇಳಿದು ಮಲೇಷ್ಯಾದ ಸಾಲು, ಮತ್ತೆ ಬಸ್ಸು, ಮತ್ತೆ ಇಳಿದು ಸಿಂಗಪುರದ ಸಾಲು, ಮತ್ತೆ ಬಸ್ಸು. ಪಕ್ಕದಲ್ಲಿ ಸಾವಿರಾರು ಬೈಕುಗಳ ಹೊಗೆ. ಚೀಲದಲ್ಲಿ ಎರಡು ಪರ್ಸು, ಒಂದರಲ್ಲಿ ಡಾಲರ್, ಒಂದರಲ್ಲಿ ರಿಂಗಿಟ್. ಇಷ್ಟೆಲ್ಲ ಯಾಕೆ ಅಂದರೆ, ಡಾಲರ್‌ನಲ್ಲಿ ಬಂದ ಸಂಬಳದಿಂದ ರಿಂಗಿಟ್‌ನಲ್ಲಿ ಮನೆಸಾಲ ತೀರುತ್ತಿತ್ತು. 2020ರ ಮಾರ್ಚ್ 17ರ ದಿನ ಅವರು ಸೂಟ್‌ಕೇಸ್ ಸಮೇತ ಆಫೀಸಿಗೆ ಬಂದರು. ಮರುದಿನದಿಂದ ಮಲೇಷ್ಯಾ ಗಡಿ ಮುಚ್ಚುವುದಿತ್ತು. ಕಾಸ್‌ವೇ ಮತ್ತೆ ಪೂರ್ತಿ ತೆರೆದದ್ದು 2022ರ ಏಪ್ರಿಲ್‌ನಲ್ಲಿ.

ಜನರ ನಡುವೆ ದ್ವೇಷ ಏನೂ ಇಲ್ಲ. ಗೊಣಗಾಟ ಇದೆ. ಶನಿವಾರ ಬಂತೆಂದರೆ ಸಿಂಗಪುರದವರು ಕಾರು ತುಂಬಾ ದಿನಸಿ ಒಯ್ಯಲು ಬರುತ್ತಾರೆ, ಅವರಿಂದ ನಮ್ಮಲ್ಲಿ ಬೆಲೆ ಏರುತ್ತೆ ಅಂತ ಜೋಹೋರ್‌ನವರ ಗೊಣಗಾಟ. ಪೆಟ್ರೋಲ್ ಮೇಲೂ ಕಾವಲಿದೆ. ಸಿಂಗಪುರದ ಕಾರು ದೇಶ ಬಿಡುವಾಗ ಟ್ಯಾಂಕ್ ಮುಕ್ಕಾಲಾದರೂ ತುಂಬಿರಬೇಕು ಅಂತ ಸಿಂಗಪುರ ಸರ್ಕಾರದ ಕಾನೂನು. ಸಬ್ಸಿಡಿಯ ಆರ್‌ಒಎನ್ 95 ಪೆಟ್ರೋಲನ್ನು ಹೊರದೇಶದ ಕಾರಿಗೆ ಹಾಕಬಾರದು ಅಂತ ಮಲೇಷ್ಯಾ ಸರ್ಕಾರದ ಕಾನೂನು. 2022ರ ಜೂನ್‌ನಲ್ಲಿ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿದಾಗ ಸಿಂಗಪುರದ ಚಿಕನ್ ರೈಸ್ ಅಂಗಡಿಗಳ ಮುಂದೆ ಸಾಲು ಬೆಳೆದದ್ದನ್ನು ನೋಡಿ ಆಚೆಯವರು ನಕ್ಕಿರಲೂಬಹುದು.

ಎರಡು ಊರುಗಳ ನಡುವೆ 4 ಕಿಲೋಮೀಟರ್‌ನ ಹೊಸ ರೈಲು 2026ರ ಕೊನೆಗೆ ಓಡಬೇಕು ಅಂತ ಯೋಜನೆ. ಗಂಟೆಗೆ ಒಂದು ದಿಕ್ಕಿನಲ್ಲಿ 10,000 ಜನ. ಎರಡೂ ದೇಶದ ತಪಾಸಣೆ ಹತ್ತುವ ಕಡೆಯೇ ಮುಗಿಯುತ್ತದೆ. 2025ರ ಜನವರಿಯಲ್ಲಿ ಜೋಹೋರ್‌ನಲ್ಲಿ ಜಂಟಿ ವಿಶೇಷ ಆರ್ಥಿಕ ವಲಯಕ್ಕೂ ಸಹಿ ಹಾಕಿದ್ದಾರೆ. ಆದರೆ ರೈಲು ಬಂದರೂ ನಿಮ್ಮ ಮಗನ ಪರವಾನಗಿ ಬದಲಾಗಲ್ಲ. ಸದ್ಯಕ್ಕೆ ವುಡ್‌ಲ್ಯಾಂಡ್ಸ್ ಕಡೆ ಸರ್ಕಾರಿ ಫ್ಲಾಟುಗಳಲ್ಲಿ ಒಂದು ಕೋಣೆ ಬಾಡಿಗೆಗೆ ಹುಡುಕಲಿ. ಪೇಟೆಯ ನಡುವಿಗಿಂತ ಕಮ್ಮಿಗೆ ಸಿಗುತ್ತದೆ. ಅಡುಗೆ ಮಾಡಿಕೊಳ್ಳಲು ಬಿಡುತ್ತಾರಾ ಅಂತ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಲಿ.