ಪ್ರಾಂಗ್‌ಹಾರ್ನ್: ಜಿಂಕೆಯೂ ಅಲ್ಲ, ಕೃಷ್ಣಮೃಗವೂ ಅಲ್ಲ

ಪ್ರಶ್ನೆ: ಮೈದನಹಳ್ಳಿ ಬಯಲಿನ ಕೃಷ್ಣಮೃಗಗಳನ್ನು ನೋಡುತ್ತಲೇ ಬೆಳೆದವರು ನಾವು. ಅಮೆರಿಕದ ಬಯಲಲ್ಲಿ ಓಡುವ ಪ್ರಾಂಗ್‌ಹಾರ್ನ್ ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದಂತೆ. ಹಾಗಾದರೆ ಅದು ಜಿಂಕೆಯೇ? ಅದಕ್ಕೆ ನೆಂಟರು ಯಾರು?
– ಓದುಗರು, ಮಧುಗಿರಿ

ಉತ್ತರ: ಜಿಂಕೆಯಲ್ಲ, ಕೃಷ್ಣಮೃಗದ ಕುಟುಂಬವೂ ಅಲ್ಲ. ಇದನ್ನು ತಿಳಿಯಲು ಕೊಂಬನ್ನೇ ನೋಡಬೇಕು. ಚುಕ್ಕಿಜಿಂಕೆ, ಕಡವೆಗಳದು ಇಡೀ ಮೂಳೆಯ ಕವಲುಗೊಂಬು. ಅದು ಬುಡದಿಂದಲೇ ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗದ್ದು ದನ, ಮೇಕೆಗಳ ಕೊಂಬಿನಂಥದ್ದು. ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನದೇ ಕವಚ. ಕವಲೊಡೆಯುವುದಿಲ್ಲ, ಬದುಕಿರುವಷ್ಟು ಕಾಲ ಕಳಚುವುದೂ ಇಲ್ಲ.

ಪ್ರಾಂಗ್‌ಹಾರ್ನ್‌ಗೂ ಮೂಳೆ, ಕವಚ ಎರಡೂ ಇವೆ. ಆದರೆ ಬೆದೆಗಾಲ ಮುಗಿದ ಮೇಲೆ ಗಂಡಿನ ಕವಚ ಪ್ರತಿವರ್ಷ ಕಳಚಿ ಬೀಳುತ್ತದೆ, ಮೂಳೆ ಮಾತ್ರ ತಲೆಯ ಮೇಲೇ ಉಳಿಯುತ್ತದೆ. ಹಳೆಯದು ಬೀಳುವ ಹೊತ್ತಿಗೆ ಅದರಡಿ, ರೋಮ ತುಂಬಿದ ಚರ್ಮದ ಮೇಲೆ, ಹೊಸ ಕವಚದ ತುದಿ ಆಗಲೇ ಗಟ್ಟಿಯಾಗತೊಡಗಿರುತ್ತದೆ. ಪ್ರಾಂಗ್‌ಹಾರ್ನ್‌ನ ಕೊಂಬಿನಲ್ಲಿ ಮುಂದಕ್ಕೆ ಚಾಚಿದ ಕವಲು ಇರುವುದೂ ಕವಚದಲ್ಲೇ. ಒಳಗಿನ ಮೂಳೆ ಚಪ್ಪಟೆಯಾದ ಒಂದೇ ಅಲಗು. ಬದುಕಿರುವವರಲ್ಲಿ ಇದರ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ.

ಈ ಕುಟುಂಬದಲ್ಲಿ ಈಗ ಉಳಿದಿರುವುದು ಇದೊಂದೇ. ಹಿಂದೆ ಹತ್ತಾರು ಬಗೆಗಳಿದ್ದವು, ಎಲ್ಲವೂ ಉತ್ತರ ಅಮೆರಿಕದಲ್ಲೇ. ಹೆಕ್ಸಾಮೆರಿಕ್ಸ್‌ಗೆ ಆರು ಕೊಂಬಿನ ತುದಿಗಳು. ಕ್ಯಾಪ್ರೊಮೆರಿಕ್ಸ್ ಭುಜದವರೆಗೆ ಸುಮಾರು 60 ಸೆಂಟಿಮೀಟರ್, ನಮ್ಮ ಮೇಕೆಗಿಂತ ದೊಡ್ಡದೇನಲ್ಲ. ನಿಮಗೆ ತೀರಾ ಕುತೂಹಲ ಎನಿಸಬೇಕಾದದ್ದು ಇಲಿಂಗೊಸೆರಾಸ್: ಅದರ ಕೊಂಬಿನ ಮೂಳೆ ಕೃಷ್ಣಮೃಗದ್ದರಂತೆ ತಿರುಚಿಕೊಂಡಿತ್ತು. ನೆಂಟಸ್ತಿಕೆಯಿಂದ ಬಂದ ಹೋಲಿಕೆಯಲ್ಲ, ಎರಡೂ ಕುಟುಂಬಗಳಲ್ಲಿ ಬೇರೆಬೇರೆಯಾಗಿ ಮೂಡಿದ್ದು. ಪಳೆಯುಳಿಕೆಯಲ್ಲಿ ಕವಚ ಸಾಮಾನ್ಯವಾಗಿ ಕೊಳೆತು ಹೋಗಿರುತ್ತದೆ. ಹಾಗಾಗಿ ಚಿತ್ರಗಳಲ್ಲಿ ಕಾಣುವ ಕೊಂಬಿನ ಹೊರ ಆಕಾರವನ್ನು ಮೂಳೆಯಿಂದ ಊಹಿಸಿದ್ದೆಂದೇ ನೋಡಬೇಕು. ಈ ಅಳಿದ ಬಗೆಗಳಲ್ಲಿ ಕೊನೆಯವು ಹಿಮಯುಗದ ಅಂತ್ಯದ ಹೊತ್ತಿಗೆ, ಸುಮಾರು 11–12 ಸಾವಿರ ವರ್ಷಗಳ ಹಿಂದೆ ಅಳಿದವು. ಪ್ರಾಂಗ್‌ಹಾರ್ನ್‌ನ ಗಂಟೆಗೆ 88 ಕಿಲೋಮೀಟರ್ ಸಮೀಪದ ಓಟಕ್ಕೆ ಅದೇ ಕಾಲದಲ್ಲಿ ಅಳಿದ ಅಮೆರಿಕದ ಚೀತಾ ಕಾರಣವಿರಬಹುದೆಂಬ ವಾದವಿದೆ. ಇಂದು ಅಲ್ಲಿ ಅಷ್ಟು ವೇಗದ ಬೇಟೆಗಾರ ಯಾವುದೂ ಇಲ್ಲ.

ಇನ್ನೊಂದು ಮಾತು. ನಿಮ್ಮ ಹೊಲದಲ್ಲಿ ಕೃಷ್ಣಮೃಗದ ಟೊಳ್ಳು ಕೊಂಬು ಸಿಕ್ಕರೆ ಅದು ತಾನಾಗಿ ಉದುರಿದ್ದೆಂದು ತಿಳಿಯಬೇಡಿ. ಪ್ರಾಣಿ ಸತ್ತು, ಮೂಳೆಗೂ ಕವಚಕ್ಕೂ ನಡುವಿನ ಪದರ ಕೊಳೆತರೆ ಕವಚ ಜಾರಿ ಬೇರೆಯಾಗುತ್ತದೆ. ಅದನ್ನು ಮನೆಗೆ ಒಯ್ಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಅನುಮತಿಯಿಲ್ಲದೆ ಅದರ ಕೊಂಬು ಇಟ್ಟುಕೊಳ್ಳುವುದೂ ಅಪರಾಧ.